ಬರಬೇಕಾಗಿದ್ದ ಒಲೆ

ಹೊಗೆ ಕಾರದ ಹೊಸ ಒಲೆಯನ್ನು ಪರೀಕ್ಷಿಸಲು ಬಂದ ಸಂಶೋಧಕಿ ನಮ್ಮ ಬೀದಿಯ ಅರ್ಧ ಮನೆಗಳಿಗೆ ಅದನ್ನು ಕೊಟ್ಟಳು. ನನಗೆ, "ನಿಮಗೂ ಬರುತ್ತೆ ಅಕ್ಕಾ," ಎಂದಳು. ಒಲೆ ಬರಲಿಲ್ಲ. ಅವಳು ಮಾತ್ರ ತಿಂಗಳು ತಿಂಗಳೂ ಬಂದು ನನ್ನ ಮಗಳ ಕೆಮ್ಮು ಹೇಗಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು. ನಾನು ಹಳೆಯ ಒಲೆಯನ್ನೇ ಊದಿ ಊದಿ ಅವಳಿಗೆ ಬಿಸಿ ರೊಟ್ಟಿ ಸುಟ್ಟು ಕೊಡುತ್ತಿದ್ದೆ.

ಒಂದು ದಿನ ರೊಟ್ಟಿ ಮುರಿಯುತ್ತಾ, "ಇವತ್ತಿಗೆ ನಮ್ಮ ಕೆಲಸ ಮುಗೀತು ಅಕ್ಕಾ," ಎಂದಳು.

"ಹಂಗಾದ್ರೆ ನಮ್ಮ ಒಲೆ?"

"ಪಕ್ಕದ ಮನೆ ದೇವೀರಮ್ಮನ ಮಗ ಈಗ ಕೆಮ್ಮೋದೇ ಇಲ್ಲ, ನೋಡಿದ್ರಾ?"

"ನೋಡ್ದೆ ಕಣವ್ವಾ, ಅದಕ್ಕೇ ಕೇಳ್ತಿರೋದು. ಇವಳಿಗೆ ಮಲಗಿದ್ರೆ ಉಸಿರು ಕಟ್ಟುತ್ತೆ. ನಮ್ಮನೆ ಮರೆತುಬಿಟ್ರಾ?"

"ಅಯ್ಯೋ, ಇಲ್ಲ. ಮೊದಲಿಂದಲೂ ನಿಮ್ಮನೆ ನಮ್ಮ ಲೆಕ್ಕದಲ್ಲೇ ಇದೆ."

"ಮತ್ಯಾಕೆ ಕೊಡಲಿಲ್ಲ?"

ಅವಳು, ಕೆಮ್ಮುತ್ತಿದ್ದ ನನ್ನ ಮಗಳ ಬೆನ್ನು ನೇವರಿಸಿದಳು.

"ನಿಮಗೂ ಕೊಟ್ಟುಬಿಟ್ಟಿದ್ರೆ, ಹೊಸ ಒಲೆ ಇಲ್ಲದ ಮನೇಲಿ ಮಗು ಎಷ್ಟು ಕೆಮ್ಮುತ್ತೆ ಅಂತ ನಮಗೆ ಗೊತ್ತಾಗೋದು ಹೇಗೆ ಅಕ್ಕಾ?"