ಉಳಿದುಹೋದ ಕಂತು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ, ಬದಲಿ ಸರ್ವರ್ ಅರ್ಧ ಗಂಟೆಯಿಂದ ತಡೆಯಿಲ್ಲದೆ ಓಡುತ್ತಿದೆ ಎಂದು ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗಲೇ ಅವಳ ಕಣ್ಣು ಆ ಫೈಲಿನ ಮೇಲೆ ಬಿತ್ತು. ಆ ಸರ್ವರಿಗೆ ತುಂಬಬೇಕಿದ್ದ ಬ್ಯಾಕಪ್ ಕಂತುಗಳಲ್ಲಿ ಕೊನೆಯದು, ತಡವಾಗಿ ಬಂದು, ಫೋಲ್ಡರಿನ ತುದಿಯಲ್ಲಿ ಏನೂ ಅರಿಯದವರಂತೆ ಕೂತಿತ್ತು.

ಮುಖ್ಯ ಸರ್ವರ್ ಕೈಕೊಟ್ಟಾಗಿನಿಂದ ಅವಳು ವಾರ್ಡುಗಳ ದಾಖಲೆಯನ್ನು ಕಂತು ಕಂತಾಗಿ, ಸರದಿ ತಪ್ಪದಂತೆ ಈ ಬದಲಿ ಸರ್ವರಿನೊಳಗೆ ಇಳಿಸುತ್ತಿದ್ದಳು. ಕೊನೆಯ ಕಂತು ಇಳಿಯುವ ತನಕ ಅದನ್ನು ವಾರ್ಡುಗಳ ಬಳಕೆಗೆ ತೆರೆಯಬಾರದು. ತೆರೆದರೆ ಆಮೇಲೆ ಬ್ಯಾಕಪ್ಪಿನ ಒಂದಕ್ಷರವೂ ಒಳಗೆ ಹೋಗದು. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ, "ಬೇಗ ಓಪನ್ ಮಾಡಮ್ಮ, ವಾರ್ಡಿನವರು ನನ್ನ ತಲೆ ತಿಂತಿದ್ದಾರೆ" ಎಂದು ಮೇಲಧಿಕಾರಿ ಒಂದೇ ಸಮ ಪೀಡಿಸಿದ್ದ. ಫೋಲ್ಡರನ್ನು ಇನ್ನೊಮ್ಮೆ ನೋಡದೆ ತೆರೆದುಬಿಟ್ಟಿದ್ದಳು.

ಸರ್ವರ್ ನಿಲ್ಲುವ ಮುಂಚೆ ನರ್ಸುಗಳು ಕಡೆಯದಾಗಿ ಬರೆದದ್ದೆಲ್ಲ ಆ ಫೈಲಿನೊಳಗೇ ಇತ್ತು. ಪರದೆ ನೋಡಿದವರಿಗೆ ಏನೋ ತಪ್ಪಿದೆ ಎಂಬ ಅನುಮಾನವೂ ಬರುವಂತಿರಲಿಲ್ಲ. ಅವಳು ತಕ್ಷಣ ವಾರ್ಡಿಗೆ ಫೋನು ಹಚ್ಚಿದಳು.

"ಅಕ್ಕಾ, ನಿಮಗೆ ಪುಣ್ಯ ಬರ್ಲಿ! ಸ್ಕ್ರೀನ್ ಬಂತು" ಎಂದಳು ನರ್ಸು.

"ಅದನ್ನ ನಂಬಬೇಡಿ! ಹಿಂದಿನ ಶಿಫ್ಟ್‌ನೋರು ಕೊಟ್ಟ ಇಂಜೆಕ್ಷನ್ ಅದ್ರಲ್ಲಿ ಬಂದಿಲ್ಲ. ಯಾರಿಗೂ ಏನೂ ಕೊಡ್ಬೇಡಿ!"

ನರ್ಸು ಮೆಲ್ಲಗೆ ಹೇಳಿದಳು, "ಅಕ್ಕಾ... ಯಾರ ಹೆಸರಿನ ಮುಂದೆ ಖಾಲಿ ಇತ್ತೋ, ಅವರಿಗೆಲ್ಲ ಇಂಜೆಕ್ಷನ್ ಈಗ ತಾನೇ ಕೊಟ್ಟು ಬಂದೆ."