ರೀಮಾನರ ಮೌನ

ಸುಳ್ಳು ಹೇಳಿದವರ ತುಟಿ ನೀಲಿಯಾಗುವ ಕಾಲ ಬಂದಾಗ, ಪತ್ರಕರ್ತರ ಕೆಲಸ ಇನ್ನು ಸುಲಭ ಎಂದು ಎಲ್ಲರೂ ಅಂದುಕೊಂಡಿದ್ದರು. ಆದದ್ದೇ ಬೇರೆ. ತುಟಿ ನೀಲಿಯಾದೀತೆಂದು ದೊಡ್ಡ ಹುದ್ದೆಯವರೆಲ್ಲ ಬಾಯಿ ಮುಚ್ಚಿಕೊಂಡರು. ಲೈಪ್‌ಜಿಗ್ ನಗರದ ಪತ್ರಿಕೆಯೊಂದರ ತನಿಖಾ ವರದಿಗಾರ್ತಿ ಗುಡ್ರುನ್ ಹೆಸ್ಲರ್ ತನ್ನ ವೃತ್ತಿಯ ಅರ್ಧವನ್ನು ಮಾತಾಡದವರ ಎದುರು ಕೂತೇ ಕಳೆದಳು.

ಬಣ್ಣದ ಕಾರ್ಖಾನೆಯ ನಿವೃತ್ತ ಮ್ಯಾನೇಜರ್ ರೀಮಾನರ ಮನೆಗೆ ಅವಳು ವರ್ಷಗಳಿಂದ ಹೋಗುತ್ತಿದ್ದಳು. ಕಾರ್ಖಾನೆಯ ಕೆಳಗಿನ ಹಳ್ಳಿಯಲ್ಲಿ ಹೊಳೆ ನೀರು ಕುಡಿದ ಮಕ್ಕಳು ಸತ್ತಿದ್ದರು. "ಹೊಳೆಗೆ ವಿಷ ಬಿಡಿಸಿದ್ದು ಯಾರು?" ಎಂದು ಪ್ರತಿ ಸಲವೂ ಕೇಳುವಳು. ರೀಮಾನ್ ಕಾಫಿ ಬಗ್ಗಿಸಿ ಕೊಟ್ಟು ಕಿಟಕಿಯತ್ತ ನೋಡುವರು.

ಆ ದಿನ ಮಾತ್ರ ಅವರೇ ಕೇಳಿದರು: "ನಿಮಗೆ ಈ ಕೆಲಸ ಸಾಕೆನಿಸಿಲ್ಲವೇ?"

"ಇಲ್ಲ," ಎಂದಳು ಗುಡ್ರುನ್. ತುಟಿ ತಣ್ಣಗಾದದ್ದು ಅವಳಿಗೇ ಗೊತ್ತಾಯಿತು. ಮುಚ್ಚಿಕೊಳ್ಳಲು ಕೈ ಎತ್ತಿದವಳು ಆಯಾಸದಿಂದ ಹಾಗೇ ಇಳಿಸಿದಳು.

ರೀಮಾನ್ ಆ ನೀಲಿ ತುಟಿಗಳನ್ನು ಬಹಳ ಹೊತ್ತು ನೋಡಿದರು. ಅವರ ಮುಂದೆ ಯಾರೂ ಸುಳ್ಳು ಹೇಳಿ ವರ್ಷಗಳಾಗಿದ್ದವು.

"ಸಾಕಾಗಿದ್ದರೂ ಬಂದಿರಿ," ಎಂದರು.

"ಸತ್ತ ಮಕ್ಕಳ ತಾಯಂದಿರು ಇನ್ನೂ ಫೋನ್ ಮಾಡುತ್ತಾರೆ. ಏನಾಯಿತು ಎಂದು ಕೇಳುತ್ತಾರೆ."

ರೀಮಾನ್ ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟರು. "ಬಿಡಿಸಿದ್ದು ನಾನೇ. ಹೊಳೆ ತುಂಬಿ ಹರಿಯುವಾಗ ಬಿಟ್ಟರೆ ಯಾರಿಗೂ ಏನೂ ಆಗದು ಅಂದುಕೊಂಡಿದ್ದೆ." ಅವರ ತುಟಿಯ ಬಣ್ಣ ಬದಲಾಗಲಿಲ್ಲ.

ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಾಗ ಗುಡ್ರುನ್‌ಗೆ ಸಂತೋಷವಾಗಲಿಲ್ಲ. ಎಲ್ಲಾದರೂ ಮಲಗಿ ನಿದ್ದೆ ಮಾಡಬೇಕೆನಿಸಿತು. ಅವಳು ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು.

"ಮೊದಲಿಂದ ಹೇಳಿ," ಎಂದಳು.