ಹೊಸಕೋಟೆಯ ಮಿಡತೆ

ಈಗಲೂ ಬಟ್ಟೆಯ ಪೆಟ್ಟಿಗೆ ತೆರೆದು ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ, ಕೊರಟಗೆರೆಯ ನಮ್ಮ ಶಾಲೆಯ ಗೋಡೆಯಲ್ಲಿದ್ದ ಜಿಲ್ಲೆಯ ನಕ್ಷೆ ಕಣ್ಣಿಗೆ ಬರುತ್ತದೆ.

ನಾವು ಹಿಡಿದು ತಂದ ಮಿಡತೆಗಳನ್ನು ಸೈನ್ಸ್ ಮೇಷ್ಟ್ರು ಅವು ಸಿಕ್ಕಿದ ಊರಿನ ಮೇಲೆ ಗುಂಡುಸೂಜಿಯಿಂದ ಚುಚ್ಚುತ್ತಿದ್ದರು. ಇರುವೆ ಮುತ್ತದಿರಲೆಂದು ನಕ್ಷೆಯ ಸುತ್ತ ನುಸಿಗುಳಿಗೆಯ ಗಂಟು ಕಟ್ಟಿದ್ದರು. "ಮೀಸೆ ಗಿಡ್ಡ ಇದ್ರೆ ಮಿಡತೆ, ಮೈಗಿಂತ ಉದ್ದ ಇದ್ರೆ ಬೇರೆ ಪಂಗಡ ಕಣ್ರೋ" ಎನ್ನುವ ಅವರ ಮೂಗುದನಿಯನ್ನು ನಾನು ಅವರಿಗಿಂತ ಚೆನ್ನಾಗಿ ತೆಗೆಯುತ್ತಿದ್ದೆ. ಆದರೆ ನನ್ನ ಮಿಡತೆಗಳೆಲ್ಲ ಬಸ್ಸಿಗೆ ಕಾಯುವವರಂತೆ ಕೊರಟಗೆರೆಯಲ್ಲೇ ಗುಂಪುಗೂಡಿದ್ದವು. ರಜೆಯಲ್ಲಿ ತನ್ನ ಅಪ್ಪನ ಕುರಿಗಳ ಹಿಂದೆ ತಿರುಗುವ ನನ್ನ ಕ್ಲಾಸಿನ ಈರಣ್ಣನವು ಮಧುಗಿರಿ, ಪಟ್ಟನಾಯಕನಹಳ್ಳಿ, ಪಾವಗಡ ಎಲ್ಲ ಸುತ್ತಿದ್ದವು. ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯ ಹಿಂದಿನ ಎಕ್ಕದ ಗಿಡದಲ್ಲಿ ಹಳದಿ-ನೀಲಿ ಪಟ್ಟೆಯ ಮಿಡತೆ ಹಿಡಿದು, ಚೀಟಿಯಲ್ಲಿ 'ವೈ.ಎನ್.ಹೊಸಕೋಟೆ' ಎಂದು ಬರೆದು ಕೊಟ್ಟೆ. ಆ ಊರಿನ ಮೇಲೆ ಇನ್ನೂ ಯಾರ ಸೂಜಿಯೂ ಇರಲಿಲ್ಲ.

"ಅಷ್ಟು ದೂರ ನೀನ್ಯಾವಾಗಯ್ಯ ಹೋಗಿದ್ದೆ?" ಎಂದರು ಮೇಷ್ಟ್ರು.

ನಾನು ನಕ್ಷೆಯಲ್ಲಿ ಕೊರಟಗೆರೆಯಿಂದ ಹೊಸಕೋಟೆಗೆ ದಾರಿ ಹುಡುಕತೊಡಗಿದೆ.

ಪಕ್ಕದಲ್ಲಿದ್ದ ಈರಣ್ಣ ಎದ್ದು, "ರಜದಾಗೆ ನಮ್ ಕುರಿ ಜೊತೆ ಬಂದಿದ್ದ ಸಾ" ಎಂದ. ಮೇಷ್ಟ್ರು ಮಿಡತೆಯನ್ನು ಹೊಸಕೋಟೆಗೆ ಚುಚ್ಚಿ ನನ್ನ ಬೆನ್ನು ತಟ್ಟಿದರು.

ಕೂತ ಮೇಲೆ ಈರಣ್ಣ ಕಿವಿಯಲ್ಲಿ, "ಲೇ, ಅಂಗಿ ಮ್ಯಾಲೆ ಎಕ್ಕದ ಹಾಲು ಬಿದ್ದೈತೆ, ಒರೆಸ್ಕಳ್ಲಾ" ಎಂದ.

ಒರೆಸಿಕೊಂಡೆ. ಕಲೆ ಹೋಗಲಿಲ್ಲ. ಆ ವರ್ಷವೆಲ್ಲ ನಕ್ಷೆ ನೋಡಿದಾಗ ಹೊಸಕೋಟೆಯೂ ಅವನದೇ ಎನಿಸಿ, ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.